ಯಾತ್ರೆಯ ಒಲೆ

ಮಹಾಶಿವರಾತ್ರಿಯ ದಿನ ಉಖೀಮಠದಲ್ಲಿ ಕೇದಾರೇಶ್ವರನ ಬಾಗಿಲು ತೆರೆಯುವ ತಿಥಿ ನಿಶ್ಚಯವಾಗುತ್ತದೆ. ಆ ವಾರ್ತೆ ಬಂದ ಮರುದಿನದಿಂದಲೇ ನಮ್ಮ ಮಠದ ಪಡಸಾಲೆಯಲ್ಲಿ ಯಾತ್ರೆಗೆ ಹೊರಡುವ ಸದ್ಭಕ್ತರು ಕೂಡತೊಡಗುತ್ತಾರೆ. ಮೊದಲು ಮುಹೂರ್ತ ಕೇಳುತ್ತಾರೆ, ಆಮೇಲೆ ತುಸು ಸಂಕೋಚದಿಂದ, "ಅಪ್ಪಾರೆ, ಒಲಿ ಯಾವುದು ಒಯ್ಯೋಣು? ಭಾಂಡೆ ಎಷ್ಟು ಬೇಕಾದಾವು?" ಎನ್ನುತ್ತಾರೆ. ಸ್ವಾಮಿಗಳಿಗೆ ಒಲೆ ಪಾತ್ರೆಗಳ ಗೊಡವೆ ಏಕೆಂದು ನೀವು ನಗಬಹುದು. ಆದರೆ ಕಾಶಿಯಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಬತ್ತಿಯ ಸ್ಟೋವಿನ ಮೇಲೆ ನಮ್ಮ ಅನ್ನವನ್ನು ನಾವೇ ಬೇಯಿಸಿಕೊಂಡವರು. ಪೂಜೆ ತೀರಿದ ಮೇಲೆ ಕೈಯಾರೆ ಮಾಡಿಕೊಂಡು ಪ್ರಸಾದ ಸ್ವೀಕರಿಸುವ ರೂಢಿ ಪ್ರವಾಸದಲ್ಲಿ ಇಂದಿಗೂ ಉಳಿದಿದೆ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯಲು ನಮಗೆ ಅಧಿಕಾರವಿದೆಯೆಂದೇ ಭಾವಿಸಿದ್ದೇವೆ.

ಜನರು ಮೊದಲು ಪಾತ್ರೆ ಕೊಳ್ಳುತ್ತಾರೆ, ಕೊನೆಗೆ ಉರುವಲಿನ ವಿಚಾರ ಮಾಡುತ್ತಾರೆ. ಇದು ತಿರುವುಮುರುವಾದ ಕ್ರಮ. ಹೋಗುವುದು ರೈಲಿನಲ್ಲೋ, ಬಸ್ಸಿನಲ್ಲೋ, ಕಾಲ್ನಡಿಗೆಯಲ್ಲೋ ಎಂಬುದು ಮೊದಲು ತೀರ್ಮಾನವಾಗಬೇಕು. ಅದರಿಂದ ಬೆಂಕಿ ಯಾವುದೆಂಬುದು ತೀರ್ಮಾನವಾಗುತ್ತದೆ. ಪಾತ್ರೆಯ ಮಾತು ಆಮೇಲಿನದು.

ರೈಲಿನ ವಿಷಯದಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ. ಗ್ಯಾಸು, ಸೀಮೆಎಣ್ಣೆ, ಉರಿಯುವ ಒಲೆ ಇವಾವುದನ್ನೂ ಬೋಗಿಯೊಳಗೆ ಒಯ್ಯಲಾಗದು. 1989ರ ರೈಲ್ವೆ ಕಾಯಿದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಹೇಳಿದೆ. ಕಾಯಿದೆಯ ಭಯಕ್ಕಿಂತ ಹೆಚ್ಚಾಗಿ ಒಂದು ದುರಂತವನ್ನು ನೆನೆಯಿರಿ. 2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೆಯ ನಿಲ್ದಾಣದ ಬಳಿ, ಲಖನೌದಿಂದ ಬಂದಿದ್ದ ಯಾತ್ರಿಕರ ಬೋಗಿಯೊಂದಕ್ಕೆ ಬೆಂಕಿ ಹತ್ತಿ ಒಂಬತ್ತು ಜನ ತೀರಿಕೊಂಡರು. ಮುಚ್ಚಿಟ್ಟು ತಂದಿದ್ದ ಗ್ಯಾಸ್ ಸಿಲಿಂಡರೇ ಇದಕ್ಕೆ ಕಾರಣವೆಂದು ರೈಲ್ವೆಯವರು ತಿಳಿಸಿದರು. ಅವರೂ ನಮ್ಮಂತೆ ದೇವರ ದರ್ಶನಕ್ಕೆ ಹೊರಟವರೇ.

ಈ ಮಾತನ್ನು ಹೇಳಿದಾಗ ನಮ್ಮ ಮಠದ ಹಿರಿಯ ಭಕ್ತೆಯೊಬ್ಬರು ಬಹಳ ನೊಂದುಕೊಂಡರು. ಎಪ್ಪತ್ತು ದಾಟಿದ ತಾಯಿ. ಪರರ ಕೈಯಡಿಗೆಯನ್ನು ಮುಟ್ಟದ ನೇಮ ನಲವತ್ತು ವರ್ಷಗಳಿಂದ ನಡೆದುಬಂದಿದೆ. "ಸಣ್ಣ ಒಲಿ ಅಪ್ಪಾರೆ, ಸೀರಿಯೊಳಗ ಸುತ್ತಿ ಒಯ್ತೀನಿ. ನೇಮ ಮುರೀಲೇನು?" ಎಂದರು. ನಾವೆಂದೆವು: "ತಾಯೀ, ನಿಮ್ಮ ನೇಮ ಕೈಯಡಿಗೆಯದು, ಬೆಂಕಿಯದಲ್ಲ. ಮನೆಯಲ್ಲಿ ನೀವೇ ಬಡಿದ ರೊಟ್ಟಿಯೂ ನಿಮ್ಮ ಕೈಯಡಿಗೆಯೇ ಅಲ್ಲವೆ? ಎಪ್ಪತ್ತು ಜನ ಮಲಗಿದ ಬೋಗಿಯಲ್ಲಿ ನಿಮ್ಮ ನೇಮಕ್ಕಾಗಿ ಅವರ ಪ್ರಾಣವನ್ನು ಒತ್ತೆಯಿಡುವುದು ಬೇಡ." ಅವರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಚ್ಚಿದ ಅವಲಕ್ಕಿ ಎಲ್ಲವನ್ನೂ ಕಟ್ಟಿಕೊಂಡು ಬಂದು ತೋರಿಸಿದರು. ಹರಿದ್ವಾರ ಮುಟ್ಟುವವರೆಗೆ ಅವರಿಗೆ ಒಲೆ ಬೇಕಾಗಲಿಲ್ಲ. ಅಲ್ಲಿಯ ಧರ್ಮಶಾಲೆಯಲ್ಲಿ ಬಾಡಿಗೆಯ ಒಲೆ ಹಚ್ಚಿ ಅನ್ನ ಮಾಡಿಕೊಂಡರು. ಚೆನ್ನಾಗಿ ಒಣಗಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ನೀರು ತಗಲದಂತೆ ಅರಿವೆಯಲ್ಲಿ ಸುತ್ತಿಡಬೇಕಷ್ಟೆ. ಪೇಟೆಯಲ್ಲಿ ಸಾವಿರಾರು ರೂಪಾಯಿಗೆ ಮಾರುವ ಪ್ರವಾಸಿ ಒಲೆಗಳನ್ನು ಕಂಡಾಗಲೆಲ್ಲ ನಮಗೆ ಆ ತಾಯಿಯ ಗಂಟು ನೆನಪಾಗುತ್ತದೆ.

ಬಸ್ಸು ಮಾಡಿಕೊಂಡು ಹೋಗುವವರ ಸ್ಥಿತಿ ಬೇರೆ. ಮೂವತ್ತು ನಲವತ್ತು ಜನಕ್ಕೆ ದಿನವೂ ಬೇಯಿಸಬೇಕು. ಒಣ ರೊಟ್ಟಿಯಿಂದ ಹದಿನೈದು ದಿನ ನಡೆಯದು. ಗ್ಯಾಸು ಅನಿವಾರ್ಯ. ಆದರೆ ಯಾವುದನ್ನು ಕೊಳ್ಳಬೇಕು? ಕಂಪನಿಯವರೇ ತುಂಬಿ ಮೊಹರು ಮಾಡಿ ಕೊಡುವ 5 ಕಿಲೋ ಸಿಲಿಂಡರು ದೊರೆಯುತ್ತದೆ, ಅದನ್ನೇ ತೆಗೆದುಕೊಳ್ಳಿರಿ. ಸಂದಿಗೊಂದಿಯ ಅಂಗಡಿಗಳಲ್ಲಿ ದೊಡ್ಡದರಿಂದ ಸಣ್ಣದಕ್ಕೆ ತುಂಬಿಕೊಡುತ್ತಾರಲ್ಲ, ಅದರ ಹತ್ತಿರವೂ ಸುಳಿಯಬೇಡಿರಿ. ಸಿಲಿಂಡರಿನೊಳಗೆ ಗ್ಯಾಸು ದ್ರವರೂಪದಲ್ಲಿರುತ್ತದೆ. ಬಿಸಿಲಿಗೆ ಆ ದ್ರವ ಹಿಗ್ಗುವಾಗ ಮೇಲ್ಗಡೆ ತೆರವು ಬೇಕು. ಅಳತೆಯಿಲ್ಲದೆ ತುಂಬಿದವನು ಆ ತೆರವನ್ನು ಉಳಿಸಿರುವುದಿಲ್ಲ. ಇನ್ನೊಂದು ಸಂಗತಿ: ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗದು. ನೆಲದ ಮೇಲೆಯೇ ನೀರಿನಂತೆ ಹರಡಿ ಕಿಡಿಗಾಗಿ ಕಾಯುತ್ತದೆ. ಆದುದರಿಂದ ಮಳೆ ಬರಲಿ, ಚಳಿಯಿರಲಿ, ಬಸ್ಸಿನೊಳಗೆ ಒಲೆ ಹಚ್ಚತಕ್ಕದ್ದಲ್ಲ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿರಬೇಕು. ಹೊರಡುವ ಮುನ್ನ ಕೊಳವೆಯ ಕೀಲುಗಳಿಗೆ ಸಬಕಾರದ ನೀರು ಹಚ್ಚಿ ನೋಡಿರಿ; ಗುಳ್ಳೆ ಎದ್ದರೆ ಸೋರುತ್ತಿದೆಯೆಂದೇ ಅರ್ಥ.

ಪೆಟ್ಟಿಗೆಯ ಆಕಾರದ, ಪಕ್ಕದಲ್ಲಿ ಸಣ್ಣ ಡಬ್ಬಿ ಕೂಡಿಸುವ ಒಲೆಗಳು ಈಗ ಬಹಳ ಬಂದಿವೆ. ಇಬ್ಬರು ಮೂವರಿಗೆ ಚಹಾ, ಅನ್ನ ಮಾಡಲು ಒಳ್ಳೆಯವೇ. ಆದರೆ ನಮ್ಮ ಕಡೆಯ ರೊಟ್ಟಿಯ ಹಂಚನ್ನು ಅದರ ಮೇಲಿಡುವುದು ಅಪಾಯ. ಹಂಚು ಅಗಲ, ಅದರ ಅಂಚು ಡಬ್ಬಿಯ ಮೇಲಕ್ಕೆ ಚಾಚಿಕೊಂಡು ಕಾವನ್ನು ಕೆಳಕ್ಕೆ ತಳ್ಳುತ್ತದೆ, ಡಬ್ಬಿ ಕಾದು ಸಿಡಿಯಬಹುದು. ಚಳಿಯ ಪ್ರಶ್ನೆಯೂ ಇದೆ. ಬರಿಯ ಬ್ಯುಟೇನ್ ತುಂಬಿದ ಡಬ್ಬಿ ಸೊನ್ನೆ ಡಿಗ್ರಿಯ ಸಮೀಪದಲ್ಲಿ ಆವಿಯಾಗುವುದನ್ನೇ ಬಿಡುತ್ತದೆ. ಮೇ ತಿಂಗಳಲ್ಲೂ ಕೇದಾರದ ರಾತ್ರಿ ಹೆಪ್ಪುಗಟ್ಟಿಸುವಂಥದು. ಪ್ರೊಪೇನ್ ಬೆರೆತ ಡಬ್ಬಿಯಾದರೆ ಉರಿದೀತು. ಹಳೆಯ ಪಂಪಿನ ಸ್ಟೋವಿಗೆ ಈ ತೊಂದರೆಯಿರಲಿಲ್ಲ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ರೂಪಿಸಿದ ಆ ಯಂತ್ರ ಹಿಮದಲ್ಲೂ ಭೋರೆಂದು ಉರಿಯುತ್ತಿತ್ತು. ಪಿನ್ನು ಚುಚ್ಚಿ ಚುಚ್ಚಿ ಬೆರಳು ಕಪ್ಪಾದ ನಮ್ಮ ಪೀಳಿಗೆಗೆ ಅದರ ಮೇಲೆ ಈಗಲೂ ಮಮತೆ. ಆದರೆ ಸೀಮೆಎಣ್ಣೆ ಇಂದು ಸುಲಭವಾಗಿ ಸಿಗದು.

ಇನ್ನು ಪಾತ್ರೆ. ಒಂದನ್ನೇ ಒಯ್ಯಬೇಕೆಂದರೆ ಕುಕ್ಕರನ್ನು ಒಯ್ಯಿರಿ ಎನ್ನುತ್ತೇವೆ. ಭಾರವೆಂದು ಮೂಗು ಮುರಿಯುವವರು ಕಾರಣವನ್ನು ಕೇಳಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಕೇದಾರವಿರುವುದು 3,500 ಮೀಟರಿಗೂ ಮೇಲೆ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಕುದಿಯುತ್ತಿದೆಯಲ್ಲ ಎಂದು ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗದು, ತೊಗರಿಬೇಳೆ ಕಲ್ಲಿನಂತೆಯೇ ಉಳಿಯುತ್ತದೆ, ಹೊತ್ತು ತಂದ ಉರುವಲು ಮಾತ್ರ ತೀರುತ್ತದೆ. ಕುಕ್ಕರಿನೊಳಗಾದರೆ ಅಲ್ಲಿಯೂ 114 ಡಿಗ್ರಿಯ ಸುಮಾರಿಗೆ ಏರುತ್ತದೆ. ಮೂರು ಲೀಟರಿನದು ನಾಲ್ವರಿಗೆ ಸಾಕು. ಜೊತೆಗೆ ಒಂದು ಹೆಚ್ಚಿನ ರಬ್ಬರ್ ಬಳೆ, ಒಂದು ಹೆಚ್ಚಿನ ಸುರಕ್ಷಾ ಬಿರಡೆ ಇರಲಿ. ಬೆಟ್ಟದ ಊರುಗಳಲ್ಲಿ ನಿಮ್ಮ ಕುಕ್ಕರಿನ ಅಳತೆಯದು ದೊರೆಯುವುದೆಂಬ ನೆಚ್ಚಿಕೆಯಿಲ್ಲ. ಬೇಳೆಯನ್ನು ರಾತ್ರಿಯೇ ನೆನೆಹಾಕಿದರೆ ಇನ್ನೂ ಉರುವಲು ಉಳಿಯುತ್ತದೆ.

ಲೋಹದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲು ತೂಗುತ್ತದೆ, ಕಾವನ್ನು ಹತ್ತು ಪಟ್ಟಿಗೂ ಮಿಕ್ಕಿ ಬೇಗ ಹರಡುತ್ತದೆ. ಹುಳಿಯ ಸಾರನ್ನು ಮಾತ್ರ ಅದರಲ್ಲಿ ಇಡಬಾರದು. ತೆಳುವಾದ ಸ್ಟೀಲಿನಲ್ಲಿ ಅನ್ನ ತಳ ಹಿಡಿಯುತ್ತದೆ. ಹಿತ್ತಾಳೆಗೆ ಕಲಾಯಿ ಬೇಕು, ಮೇಲಾಗಿ ಭಾರ. ಧರ್ಮಶಾಲೆಯ ವಿದ್ಯುತ್ ಒಲೆಯನ್ನು ನಂಬಿದವರು ಅಯಸ್ಕಾಂತ ಹಿಡಿಯುವ ತಳದ ಪಾತ್ರೆ ಒಯ್ಯಬೇಕು.

ಚಳಿ ತಾಳದೆ ಒಲೆಯನ್ನೋ ಇದ್ದಿಲ ಶಗಡಿಯನ್ನೋ ಮಲಗುವ ಕೋಣೆಗೆ ತರುವವರಿದ್ದಾರೆ. ಹಿಮಾಲಯದ ತಪ್ಪಲಿನ ಒಂದು ವಸತಿಯಲ್ಲಿ ನಾವು ತಂಗಿದ್ದಾಗ ಪಕ್ಕದ ಕೋಣೆಯ ಯಾತ್ರಿಕರು ಹೀಗೆಯೇ ಬಾಗಿಲು ಭದ್ರಪಡಿಸಿ ಮಲಗುವ ಸಿದ್ಧತೆಯಲ್ಲಿದ್ದರು. ನಾವು ಹೋಗಿ ಬಾಗಿಲು ತೆಗೆಯಿಸಿ ಶಗಡಿಯನ್ನು ಅಂಗಳಕ್ಕೆ ಇಡಿಸಿದೆವು. ಅವರಿಗೆ ಸಿಟ್ಟು ಬಂದಿತು, ಬರಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಏಳುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನು ಎಚ್ಚರಗೊಳ್ಳದೆಯೇ ಹೋಗಿಬಿಡುತ್ತಾನೆ. ಬಟ್ಟೆಯ ಡೇರೆಗೂ ಈ ಮಾತು ಅನ್ವಯಿಸುತ್ತದೆ.

ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಬಂಧುಗಳು ಈ ಸಾಮಾನುಗಳಲ್ಲಿ ಒಂದನ್ನೂ ಹೊರಬೇಕಾಗಿಲ್ಲ. ದಾರಿಯುದ್ದಕ್ಕೂ ದಾಸೋಹ ನಡೆಸುವ ಪುಣ್ಯಾತ್ಮರಿದ್ದಾರೆ. ನಲ್ಲಮಲೆಯ ಕಾಡು ಆ ಕಾಲಕ್ಕೆ ಒಣಗಿ ನಿಂತಿರುತ್ತದೆ, ಹುಲಿಗಳ ಸಂರಕ್ಷಿತ ಪ್ರದೇಶವೂ ಹೌದು. ಮೂರು ಕಲ್ಲು ಹೂಡಿ ಚಹಾ ಕಾಸಿ, ಕೆಂಡವನ್ನು ಹಾಗೆಯೇ ಬಿಟ್ಟು ನಡೆದರೆ ಹಿಂದೆ ಬರುವವರ ದಾರಿಗೇ ಬೆಂಕಿಯಿಟ್ಟಂತೆ. ನೀರಿನ ತಂಬಿಗೆ, ಒಂದು ತಾಟು, ಹೆಗಲ ಚೀಲದಲ್ಲಿ ರೊಟ್ಟಿ ಹಿಂಡಿ ಇಷ್ಟಿದ್ದರೆ ಸಾಕು. ಕಡ್ಡಿಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟು ಬನ್ನಿರಿ.