ಅತ್ತಿಯವರ ಗಂಟಲ ನಳಿ

ನ್ಯುಮೋನಿಯಾ ಆಗಿ ನಮ್ಮತ್ತಿಯವರು ಆರು ದಿನ ಐಸಿಯುದಾಗ ಇದ್ರು. ಗಾಜಿಪುರದ ಓಣ್ಯಾಗ ಎಲ್ಲಾರೂ ಕೇಳಿದ್ದು ಒಂದೇ, "ಮಾತಾಡಿದ್ರೇನ?" ಹ್ಯಾಂಗ ಮಾತಾಡ್ತಾರ ಅಕ್ಕಾ, ಉಸಿರಿನ ನಳಿ ಧ್ವನಿಪೆಟ್ಟಿಗೆ ನಡುವೇ ಹಾದು ಹೋಗಿರ್ತದ. ಮಂಪರು ಇಳಿದಾಗೆಲ್ಲ ಕೆಮ್ಮು, ಓಕರಿಕೆ. ನಳಿ ಕಿತ್ಕೋಬಾರ್ದಂತ ಕೈ ಮಂಚಕ್ಕ ಕಟ್ಟಿದ್ರು. ನನಗ ನೋಡ್ಲಿಕ್ಕಾಗ್ಲಿಲ್ಲ.

ನಿದ್ದಿ ಔಷಧ ಹೆಚ್ಚು ಮಾಡ್ರಿ ಅಂದೆ. ಹೆಚ್ಚಾದ್ರ ಮಷೀನ್ ಬಿಡಿಸೋದು ತಡ ಆಗ್ತದ ಅಂತ ಹೇಳಿ, ಡಾಕ್ಟರ್ ಗಂಟಲಿಗಿ ಲಿಗ್ನೊಕೇನ್ ಸ್ಪ್ರೇ ಹೊಡೆದ್ರು. ಹಲ್ಲು ಕೀಳುವಾಗ ವಸಡಿಗಿ ಚುಚ್ಚತಾರಲ್ಲ, ಅದೇ ಔಷಧ. ಕೆಮ್ಮು ತಗ್ಗಿತು, ಕಣ್ಣು ತೆರೆದು ನನ್ನ ನೋಡಿದ್ರು. ಆದ್ರ ಅದರ ಜೋರು ಸ್ವಲ್ಪ ಹೊತ್ತೇ. ಅಳತಿ ಮೀರಿದ್ರ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಹಂಗಾಗಿ ಕೇಳಿದಾಗೆಲ್ಲ ಹೊಡೆಯಂಗಿಲ್ಲ.

ನಳಿ ತೆಗೆದ ದಿನ ನೀರಿಗಿ ಸನ್ನೆ ಮಾಡಿದ್ರು. ನಾ ಚಮಚ ತುಟಿ ತನಕ ಒಯ್ದಿದ್ದೆ, ಸಿಸ್ಟರ್ ಓಡಿ ಬಂದು ಕೈ ಹಿಡಿದ್ರು. "ಗಂಟಲು ಇನ್ನಾ ಜೋಮು ಅದರೀ, ನೀರು ಶ್ವಾಸಕೋಶಕ್ಕ ಇಳೀತದ." ಎಷ್ಟೋ ಹೊತ್ತು ನನ್ನ ಕೈ ನಡಗ್ತಿತ್ತು.

ಮನಿಗಿ ಬಂದ ಮ್ಯಾಲ, ಗೊಗ್ಗರ ದನಿಯಾಗ ಮೊದಲು ಕೇಳಿದ್ದು: "ಕೈ ಕಟ್ಟುವಾಗ ನೀ ಅಲ್ಲೇ ಇದ್ದೇನ?" ಇದ್ದೆ, ಅಂದೆ. ಸುಮ್ಮನಾದ್ರು. ಆಮ್ಯಾಲ ಜ್ವಾಳದ ಗಂಜಿ ಬೇಡಿದ್ರು.