ಬಸಳೆ ಕಡ್ಡಿ, ಬಚ್ಚಲ ನೀರು

ಇವತ್ತು ಧರಣಿ, ಮನವಿಪತ್ರದ ಸುದ್ದಿ ಇಲ್ಲ. ಬಸಳೆ ಸೊಪ್ಪಿನ ಸುದ್ದಿ. ನಗಬೇಡಿ, ಪೂರ್ತಿ ಓದಿ.

ರಾಯಚೂರಿನ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುತ್ತೆ. ನಾವಿರೋ ಬಾಡಿಗೆ ಮನೆಯ ಮಾಳಿಗೆ ಮೇಲೆ ಹಾಕಿದ್ದ ಪಾಲಕ್, ಕೊತ್ತಂಬರಿ ಏಪ್ರಿಲ್ ಬರೋದ್ರೊಳಗೆ ಹೂವಿಗೆ ಹೋಗಿ ಮುಗಿದವು. ಬಸಳೆ ಮಾತ್ರ ಬಿಸಿಲು ಏರಿದಂಗೆ ಹಬ್ಬುತ್ತೆ, ನೀರು ತಪ್ಪಿಸಬಾರದು ಅಷ್ಟೇ.

ಮಾರ್ಚ್ 20, 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆ ನೀರು ಕುಡಿದ ದಿನ. ಈ ವರ್ಷ ಅದರ ಕಾರ್ಯಕ್ರಮ ಮುಗಿಸಿ ಬಂದ ಸಂಜೆ, ಅವ್ವ ಊರಿಂದ ತಂದಿದ್ದ ಕಡ್ಡಿ ನೆಟ್ಟೆ. ಗೇಣುದ್ದದ ಕಡ್ಡಿ, ಕೆಳಗಿನ ಎಲೆ ತೆಗೆದು ಎರಡು ಗಿಣ್ಣು ಮಣ್ಣೊಳಗೆ. ಹಳೆ ಪೇಂಟ್ ಡಬ್ಬಿಗೆ ತೂತು, ಸಗಣಿ ಗೊಬ್ಬರ, ಒಂದು ವಾರ ನೆರಳು. ಮೊಣಕಾಲೆತ್ತರಕ್ಕೆ ಬಂದಾಗ ತುದಿ ಚಿವುಟಿದೆ, ಕವಲು ಒಡೀತು. ಈಗ ಬಟ್ಟೆ ಒಣಹಾಕೋ ತಂತಿಯೇ ಚಪ್ಪರ. (ಹೆಂಡತಿ ಬೈತಾಳೆ.)

ನಮ್ಮ ಕೇರಿಯಲ್ಲಿ ಬಸಳೆ ಬಚ್ಚಲ ಹಿಂದೆಯೇ ಇರ್ತಿತ್ತು. ಊರ ಬಾವಿ ನಮಗಿಲ್ಲ. ಕೇರಿಗೆಲ್ಲ ಒಂದೇ ಬೋರಿಂಗು, ಬೇಸಿಗೆಯಲ್ಲಿ ಅದೂ ಬರೀ ಕೆಮ್ಮೋದು. ಕುಡಿಯೋಕೇ ಸಾಲದ ನೀರನ್ನ ಸೊಪ್ಪಿಗೆ ಯಾರು ಹಾಕ್ತಾರೆ? ಮೈ ತೊಳೆದ ನೀರು, ಅಕ್ಕಿ ತೊಳೆದ ನೀರು ಅದರ ಪಾಲು. ಅದನ್ನೇ ಕುಡಿದು ಅದು ನಮಗೆ ವಾರಕ್ಕೆರಡು ಸಲ ಸಾರು ಕೊಟ್ಟಿದೆ. ಅದರ ಕಪ್ಪುನೇರಳೆ ಹಣ್ಣು ಹಿಂಡಿ ಸ್ಲೇಟಿನ ಮೇಲೆ ಹೆಸರು ಬರೀತಿದ್ವಿ. ಈಗ ಪೇಟೆಯಲ್ಲಿ ಇದಕ್ಕೆ 'ನೀರಿನ ಮರುಬಳಕೆ' ಅಂತ ಕಾರ್ಯಾಗಾರ ಮಾಡ್ತಾರೆ. ಅವ್ವನನ್ನ ಒಂದ್ಸಲನೂ ಕರೆದಿಲ್ಲ.

ಹೇಳಬೇಕು ಅನ್ನಿಸಿದ್ದು ಬೇರೆ. ಪಕ್ಕದ ಮನೆಯ ಅಮ್ಮ ನಮ್ಮ ಬಸಳೆ ನೋಡಿ ಬಾಯ್ತುಂಬ ಹೊಗಳಿದರು. ಎಲೆ ಕೊಟ್ಟೆವು, ತಗೊಂಡ್ರು. ಮುಂದಿನ ವಾರ ತಾವೇ ಕೇಳಿದರು, ಕೊಟ್ಟೆವು. ಏಪ್ರಿಲ್ 14ರಂದು ಅವ್ವ ತೊಗರಿಬೇಳೆ ಹಾಕಿ ಬಸಳೆ ಸಾರು ಮಾಡಿ, ಒಂದು ಡಬ್ಬಿ ಅವರಿಗೂ ಕಳಿಸಿದಳು. 'ಇವತ್ತು ನಮ್ಮದು ಉಪವಾಸ' ಅಂದ್ರು. ಮಧ್ಯಾಹ್ನ ಅವರ ಮನೆಯಿಂದ ಒಗ್ಗರಣೆ ವಾಸನೆ ನಮ್ಮ ಮಾಳಿಗೆವರೆಗೂ ಬಂತು.

ಹಸಿ ಸೊಪ್ಪು ನಡೆಯುತ್ತೆ, ಬೇಯಿಸಿದ್ದು ನಡೆಯಲ್ಲ. 22 ವರ್ಷ ಆಫೀಸಿನಲ್ಲಿ ಫೈಲು ಬರೆದವನು ನಾನು, ನಿರಾಕರಣೆಯ ಭಾಷೆ ನನಗೆ ಅರ್ಥವಾಗುತ್ತೆ. ಅವ್ವ ಮಾತ್ರ ಡಬ್ಬಿ ತಗೊಂಡು ಬಂದು ಮುಚ್ಚಳ ತೆಗೆದು ತಾನೇ ಊಟಕ್ಕೆ ಕೂತಳು. ಮರುದಿನ ಆಯಮ್ಮ ಕಡ್ಡಿ ಕೇಳಿದಾಗ ನಾನು ಸುಮ್ಮನಿದ್ದೆ. ಅವ್ವ ನಾಲ್ಕು ಕಡ್ಡಿ ಮುರಿದು ಕೊಟ್ಟಳು, 'ಬಚ್ಚಲ ನೀರು ಹಾಕ್ರಿ, ಚಲೋ ಬರ್ತದ' ಅಂತ. ನನಗಿನ್ನೂ ಸಿಟ್ಟು ಇಳಿದಿಲ್ಲ.

ನಮ್ಮ ಕಡೆ ಸಂಗಾತಿಗಳು ಯಾರಿಗೆ ಕಡ್ಡಿ ಬೇಕೋ ಭಾನುವಾರ ಬನ್ನಿ. ಸಾರೂ ಇರುತ್ತೆ, ಊಟ ಮಾಡದೆ ಕಡ್ಡಿ ಕೊಡಲ್ಲ.