ಹೋದ ಸಲ ಯಾರಿಗೆ ಹಾಕಿದ್ರಿ?

ಚುನಾವಣೆಯ ಅಧ್ಯಯನ ಅಂದರೆ ಈಗ ಜನರಿಗೆ ನೆನಪಾಗುವುದು ಟಿವಿಯ ಸೀಟು ಲೆಕ್ಕ. ನಾನು ಈ ಕೆಲಸಕ್ಕೆ ಬಂದಾಗ ಅದು ಹೆಚ್ಚಾಗಿ ಗ್ರಂಥಾಲಯದಲ್ಲಿ ಕೂತು ಮಾಡುವ ವ್ಯವಹಾರವಾಗಿತ್ತು. ರಾಜಕೀಯ ಶಾಸ್ತ್ರಜ್ಞ ರಜನಿ ಕೊಠಾರಿ 1964ರಲ್ಲಿ ಕಾಂಗ್ರೆಸ್ಸನ್ನು ಬರೀ ಪಕ್ಷವೆನ್ನದೆ ಒಂದು ವ್ಯವಸ್ಥೆ ಎಂದು ವಿವರಿಸಿದ್ದ ಲೇಖನವನ್ನು ಎಲ್ಲರೂ ಅರೆದು ಕುಡಿದಿದ್ದೆವು. 1983ರಲ್ಲಿ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಕರ್ನಾಟಕದ ಮಟ್ಟಿಗೆ ಆ ಪಾಠ ಸಾಲದಾಯಿತು.

ಎಷ್ಟು ಸಾಲದು ಎಂಬುದು ತಿಳಿದದ್ದು ಆಮೇಲೆ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದ 28ರಲ್ಲಿ 24 ಸ್ಥಾನ ಗೆದ್ದಿತು. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139. ನಡುವೆ ಮೂರು ತಿಂಗಳೂ ಇರಲಿಲ್ಲ. ಮನಸ್ಸು ಬದಲಿಸಿದವರು ಯಾರು? ಅಥವಾ ಡಿಸೆಂಬರ್‌ನಲ್ಲಿ ಬಂದವರೇ ಬೇರೆ, ಮಾರ್ಚ್‌ನಲ್ಲಿ ಬಂದವರೇ ಬೇರೆಯೋ? ಕ್ಷೇತ್ರದ ಒಟ್ಟು ಮತ ನೋಡಿ ಇದನ್ನು ಹೇಳಲಾಗದು, ಮತ ಹಾಕಿದವರನ್ನೇ ಕೇಳಬೇಕು. ಕೇಳುವವರಿರಲಿಲ್ಲ. ದೆಹಲಿಯ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್ 1967ರಲ್ಲಿ ಆರಂಭಿಸಿದ್ದ ರಾಷ್ಟ್ರೀಯ ಚುನಾವಣಾ ಅಧ್ಯಯನ 1980ರ ನಂತರ ನಿಂತು, ಮತ್ತೆ ಶುರುವಾದದ್ದು 1996ರಲ್ಲಿ. ನಡುವಿನ ವರ್ಷಗಳಲ್ಲಿ ನಮ್ಮವರು ಬರೆದದ್ದರಲ್ಲಿ ಬಹುಪಾಲು ಪತ್ರಕರ್ತರು, ಪುಡಿ ನಾಯಕರು, ಹೋಟೆಲಿನ ಗಲ್ಲಾದವರು ಹೇಳಿದ ಮಾತಿನ ಮೇಲೆ. “ಲಿಂಗಾಯತರು ಈ ಕಡೆ, ಒಕ್ಕಲಿಗರು ಆ ಕಡೆ” ಎಂಬ ವಾಕ್ಯಕ್ಕೆ ಆಧಾರ ಕೇಳಿದರೆ ವಿದ್ವಾಂಸರಿಗೆ ಕೆಮ್ಮು ಬರುತ್ತಿತ್ತು. ಆ ಕಾಲವೇ ಚೆನ್ನಾಗಿತ್ತು ಎನ್ನುವವರನ್ನು ನಾನು ನಂಬುವುದಿಲ್ಲ.

ಈಗಿನ ಸಮೀಕ್ಷೆಯಲ್ಲಿ ಎದುರಿಗೆ ಸಿಕ್ಕವರನ್ನು ಕೇಳುವಂತಿಲ್ಲ. ಮತದಾರರ ಪಟ್ಟಿಯಿಂದ ಇಷ್ಟಕ್ಕೊಂದು ಎಂದು ಹೆಸರು ಎತ್ತಿ, ಅವರನ್ನೇ ಹುಡುಕಿಕೊಂಡು ಹೋಗಬೇಕು. ಪಟ್ಟಿಯಲ್ಲಿರುವ ಸೊಸೆ ಗದ್ದೆಗೆ ಹೋಗಿರುತ್ತಾಳೆ. ಜಗಲಿ ಮೇಲಿನ ಮಾವ, “ನನ್ನೇ ಕೇಳಿ ಸಾರ್, ನಮ್ಮನೇದು ಎಲ್ಲಾ ಒಂದೇ ಓಟು” ಎನ್ನುತ್ತಾನೆ. ಅವನನ್ನು ದಾಟಿ ಅವಳಿಗಾಗಿ ಕಾದು, ಕೈಗೆ ಮಾದರಿ ಮತಪತ್ರ ಕೊಟ್ಟು, ತಾನೇ ಗುರುತು ಹಾಕಿ ಡಬ್ಬಿಗೆ ಹಾಕುವಂತೆ ಮಾಡುವುದಿದೆಯಲ್ಲ, ಈ ಶಾಸ್ತ್ರದ ಅರ್ಧ ಕಷ್ಟ ಅಲ್ಲೇ ಇರುವುದು. ಹೋದ ಚುನಾವಣೆಯಲ್ಲಿ ಯಾರಿಗೆ ಹಾಕಿದ್ರಿ ಎಂದು ನೇರವಾಗಿ ಕೇಳಿದರೆ “ಗೆದ್ದೋರಿಗೇ” ಎನ್ನುವವರು ಹೆಚ್ಚು. ಅವರ ಮಾತನ್ನೇ ಕೂಡಿಸಿದರೆ ಗೆದ್ದವರಿಗೆ ನಿಜಕ್ಕಿಂತ ಜಾಸ್ತಿ ಮತ ಬಿದ್ದಿರುತ್ತದೆ!

ಅಂಕಿಅಂಶದ ಬರ ಮಾತ್ರ ಪೂರ್ತಿ ನೀಗಿದೆ. 1951ರಿಂದ ಈಚಿನ ಫಲಿತಾಂಶಗಳೆಲ್ಲ ಚುನಾವಣಾ ಆಯೋಗದ ಜಾಲತಾಣದಲ್ಲಿವೆ. ಆದರೂ ಸೀಟು ನೋಡಿ ಅಲೆ ಎನ್ನುವ ಚಾಳಿ ಹೋಗಿಲ್ಲ. ರಾಜ್ಯ ವಿಧಾನಸಭೆಯಲ್ಲಿ 2018ರಲ್ಲಿ 104 ಸ್ಥಾನ ಗೆದ್ದ ಬಿಜೆಪಿ 2023ರಲ್ಲಿ 66ಕ್ಕೆ ಇಳಿಯಿತು. ಅದರ ಮತಪ್ರಮಾಣ ಎರಡು ಸಲವೂ ಶೇ. 36ರ ಆಸುಪಾಸು. ಕಾಂಗ್ರೆಸ್ಸಿನದು ಶೇ. 38ರಿಂದ 43ರ ಹತ್ತಿರಕ್ಕೆ ಏರಿತ್ತು, ಜೆಡಿಎಸ್ಸಿನದು ಕುಸಿದಿತ್ತು. ಇಷ್ಟು ಹೇಳುವಷ್ಟರಲ್ಲಿ ಸ್ಟುಡಿಯೋದಲ್ಲಿ ಜಾಹೀರಾತು ಬಂದಿರುತ್ತದೆ.

ಸಂಶೋಧಕರಿಗೆ ಹಬ್ಬವೆಂದರೆ ಬೂತ್ ಮಟ್ಟದ ಅಂಕಿ. ಕಾಗದದ ಮತಪತ್ರಗಳಿದ್ದಾಗ ಹಲವು ಬೂತ್‌ಗಳವನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಬೂತ್‌ನ ಲೆಕ್ಕವೂ ಬಯಲು. ಜಾತಿಗೊಂದು ಕೇರಿಯಿರುವ ಊರಿನಲ್ಲಿ ಯಾವ ಕೇರಿ ಯಾರಿಗೆ ಹಾಕಿತು ಎಂದು ನಮಗೆ ತಿಳಿಯುವಂತೆಯೇ ಶಾಸಕರಿಗೂ ತಿಳಿಯುತ್ತದೆ. ಮುಂದಿನ ಬೋರ್‌ವೆಲ್ ಎಲ್ಲಿ ಎಂಬುದೂ ಅದರಿಂದ ತೀರ್ಮಾನವಾಗಬಹುದು. ಹಲವು ಯಂತ್ರಗಳ ಮತ ಒಟ್ಟಿಗೆ ಕೂಡಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಕಾನೂನು ಆಯೋಗ 2015ರಲ್ಲಿ ದನಿಗೂಡಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಅದು ಬಂದರೆ ಬೂತ್ ನಕ್ಷೆ ಇಟ್ಟುಕೊಂಡು ಪಿಎಚ್‌ಡಿ ಮಾಡುತ್ತಿರುವ ಹುಡುಗರ ಕೆಲಸ ಕೆಡುತ್ತದೆ. ಕೆಟ್ಟರೆ ಕೆಡಲಿ, ಮತ್ತೆ ಮನೆಬಾಗಿಲಿಗೆ ಹೋಗಿ ಕೇಳಲಿ ಎನ್ನುತ್ತೇನೆ ನಾನು. ಹುಡುಗರು ಒಪ್ಪುವುದಿಲ್ಲ.